ಧೂಳು ಒರೆಸುವ ಮುನ್ನ

2014ರಲ್ಲಿ ಫ್ರಾನ್ಸಿನ ಪಶ್ಚಿಮ ಭಾಗದ ಒಂದು ಜಮೀನಿನಲ್ಲಿ ದಶಕಗಳಿಂದ ನಿಂತಲ್ಲೇ ನಿಂತಿದ್ದ ಹಳೆಯ ಕಾರುಗಳ ಸಂಗ್ರಹವೊಂದು ಬೆಳಕಿಗೆ ಬಂತು. ರೋಜೆ ಬೈಯೋಂ ಎಂಬ ಸಾರಿಗೆ ಉದ್ಯಮಿ ಮ್ಯೂಸಿಯಂ ಕಟ್ಟುವ ಆಸೆಯಿಂದ ಕೂಡಿಹಾಕಿದ್ದ ಕಾರುಗಳು ಅವು. ಉದ್ಯಮ ನೆಲಕಚ್ಚಿತು, ಮ್ಯೂಸಿಯಂ ಏಳಲಿಲ್ಲ. ಕೆಲವು ಕಾರುಗಳು ಮಾರಾಟವಾದವು, ಮಿಕ್ಕವು ತಗಡಿನ ಮಾಡಿನ ಕೆಳಗೆ, ಬಳ್ಳಿ ಪೊದೆಗಳ ನಡುವೆ ಉಳಿದುಹೋದವು. ಅವುಗಳಲ್ಲೊಂದು ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್. ಅದರ ಮೈಮೇಲೆ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿದ್ದ ಫೋಟೊ ಲೋಕವನ್ನೆಲ್ಲ ಸುತ್ತಿತು. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದೊಂದೇ ಕಾರು 1.6 ಕೋಟಿ ಯೂರೊಗೂ ಹೆಚ್ಚಿನ ಬೆಲೆಗೆ ಹೋಯಿತು.

ಇಂಥ ಸುದ್ದಿ ಬಂದಾಗಲೆಲ್ಲ ಒಂದು ಮರುಕ, ಎರಡು ಪ್ರಶ್ನೆ ತಪ್ಪದೆ ಕೇಳಿಬರುತ್ತವೆ. ‘ಅಯ್ಯೋ, ಎಂಥ ಕಾರನ್ನು ಹೀಗೆ ಹಾಳುಗೆಡವಿಬಿಟ್ಟರಲ್ಲ’ ಎಂಬುದು ಮರುಕ. ‘ಸ್ಟಾರ್ಟ್ ಆಗುತ್ತದೆಯೇ?’, ‘ಹೊಸದರಂತೆ ಮಾಡಲು ಎಷ್ಟು ಖರ್ಚಾಗುತ್ತದೆ?’ ಎಂಬವು ಪ್ರಶ್ನೆಗಳು. ಕೇಳುವವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೂ ಆ ಮರುಕವನ್ನೂ ಆ ಪ್ರಶ್ನೆಗಳ ಸರದಿಯನ್ನೂ ಸವಿನಯವಾಗಿ ಒಪ್ಪದಿರಲು ಕಾರಣಗಳಿವೆ. ಬಹುಕಾಲ ಮರೆತುಹೋಗಿದ್ದ ವೇಗದ ಕಾರೊಂದು ಸಿಕ್ಕಾಗ, ಅದರಲ್ಲಿ ಏನೇನು ಕೆಟ್ಟಿದೆ ಎಂದು ಪಟ್ಟಿ ಮಾಡುವ ಮೊದಲು ಏನೇನು ಬದಲಾಗದೆ ಉಳಿದಿದೆ ಎಂದು ಪಟ್ಟಿ ಮಾಡಬೇಕು. ಸ್ಟಾರ್ಟ್ ಮಾಡುವುದು, ಬಣ್ಣ ಹೊಡೆಸುವುದು, ಬೆಲೆ ಕಟ್ಟುವುದು ಎಲ್ಲವೂ ಆ ಪಟ್ಟಿಯ ನಂತರದ ಮಾತು.

ಮರುಕದ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಮರೆಯದೆ ಆರೈಕೆ ಮಾಡಿದ ಕಾರುಗಳ ಗತಿ ಏನಾಯಿತು ಎಂಬುದಕ್ಕೆ ಒಂದು ಉದಾಹರಣೆ ನೋಡಿ. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಜಾಗ್ವಾರ್ ಇ-ಟೈಪ್ ಕಾಣಿಸಿಕೊಂಡಾಗ ಜನ ಮುಗಿಬಿದ್ದರು. ಮ್ಯಾಲ್ಕಂ ಸೇಯರ್ ರೂಪಿಸಿದ ಆ ಕಾರು ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ ಎಂಬುದು ಕಂಪನಿಯ ಮಾತು. ಬ್ರಿಟನ್ನಿನಲ್ಲಿ ಅದರ ಬೆಲೆ 2,100 ಪೌಂಡಿನ ಆಸುಪಾಸು. ಅಷ್ಟು ವೇಗದ ಬೇರೆ ಕಾರು ಬೇಕೆಂದರೆ ಇದರ ಎರಡು ಪಟ್ಟು ಹಣ ಸುರಿಯಬೇಕಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಟ್ಟು 72,000ಕ್ಕೂ ಹೆಚ್ಚು ಇ-ಟೈಪ್‌ಗಳು ಹೊರಬಂದಿದ್ದವು.

ಇಷ್ಟೆಲ್ಲ ಹೆಸರು ಮಾಡಿದ ಕಾರು ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಮಾರುಕಟ್ಟೆಯಲ್ಲಿ ಬರೀ ಹಳೆಯ ಕಾರಾಯಿತು. ಆಗ ಅದನ್ನು ಪ್ರೀತಿಯಿಂದ ಇಟ್ಟುಕೊಂಡವರೇ ಅದರ ಮೇಲೆ ಕೈಮಾಡಿದರು. ಎಂಜಿನ್ ತೊಂದರೆ ಕೊಟ್ಟರೆ ಅದನ್ನು ಕಿತ್ತು ದೊಡ್ಡ ಅಮೆರಿಕನ್ ಎಂಜಿನ್ ಕೂರಿಸಿದರು. ಅಗಲವಾದ ಚಕ್ರ ಹಾಕಲು ಮಡ್‌ಗಾರ್ಡ್ ಕತ್ತರಿಸಿದರು. ಕೊಳೆತ ತಗಡಿನ ಮೇಲೆ ಹೊಸ ತಗಡು ಬೆಸೆದು, ಪುಟ್ಟಿ ಮೆತ್ತಿ, ಆ ಕಾಲಕ್ಕೆ ಚೆಂದ ಕಂಡ ಬಣ್ಣ ಬಳಿದರು. ಯಾರದೂ ಕೆಟ್ಟ ಉದ್ದೇಶವಲ್ಲ. ಆದರೆ ಹೀಗೆ ಆರೈಕೆ ಪಡೆಯುತ್ತಲೇ ಬಂದ ಕಾರಿನಲ್ಲಿ 1961ರ ಅಂಶ ವರ್ಷ ವರ್ಷಕ್ಕೂ ಕಡಿಮೆಯಾಗುತ್ತ ಹೋಯಿತು. ಕೊಟ್ಟಿಗೆಯಲ್ಲಿ ಮರೆತುಹೋದ ಕಾರಿಗೆ ಈ ಯಾವುದೂ ಆಗಲಿಲ್ಲ. ಅದು ಯಾವ ದಿನ ನಿಂತಿತೋ ಆ ದಿನದ ಸ್ಥಿತಿಯಲ್ಲೇ ಉಳಿಯಿತು. ಇಂಗ್ಲೆಂಡಿನ ಅರ್ಲ್ ಹೋವ್‌ಗಾಗಿ 1937ರಲ್ಲಿ ಸಿದ್ಧವಾದ ಬುಗಾಟಿ 57ಎಸ್ ಅಟಲಾಂಟ್ ಕಾರು ಸುಮಾರು ಐವತ್ತು ವರ್ಷ ಗ್ಯಾರೇಜಿನಲ್ಲಿ ಮುಚ್ಚಿಕೊಂಡಿದ್ದು 2009ರಲ್ಲಿ 34 ಲಕ್ಷ ಯೂರೊಗೆ ಮಾರಾಟವಾಯಿತು. ಕೊಳ್ಳಲು ಬಂದವರನ್ನು ಸೆಳೆದದ್ದು ಅದರ ಮೂಲ ಬಹುಪಾಲು ಹಾಗೆಯೇ ಉಳಿದಿದೆ ಎಂಬ ಸಂಗತಿ.

ಅಂದಮಾತ್ರಕ್ಕೆ ಅಲಕ್ಷ್ಯವನ್ನು ಹೊಗಳುತ್ತಿಲ್ಲ. ತೇವ ತಗಡನ್ನು ತಿನ್ನುತ್ತದೆ, ಇಲಿ ವೈರುಗಳನ್ನು ಕಡಿಯುತ್ತದೆ, ಚರ್ಮದ ಸೀಟು ಬಿರಿಯುತ್ತದೆ. ನಾನು ಹೇಳುವುದಿಷ್ಟೆ: ಅಲಕ್ಷ್ಯ ಮಾಡುವ ಹಾನಿ ನಿಧಾನದ್ದು, ಕಣ್ಣಿಗೆ ಕಾಣುವಂಥದ್ದು, ಬಹುಪಾಲು ಅಳೆಯಬಹುದಾದದ್ದು. ಅವಸರದ ಅಕ್ಕರೆ ಮಾಡುವ ಹಾನಿ ಒಂದೇ ವಾರದಲ್ಲಿ ಮುಗಿದುಹೋಗುತ್ತದೆ, ಮೇಲಾಗಿ ಅದು ಸುಧಾರಣೆಯಂತೆಯೇ ಕಾಣುತ್ತದೆ.

ಹಾಗಾದರೆ ಪರೀಕ್ಷೆ ಹೇಗೆ ನಡೆಯಬೇಕು? ಮೂವತ್ತು ನಲವತ್ತು ವರ್ಷ ನಿಂತಿದ್ದ ಇ-ಟೈಪ್ ಒಂದನ್ನೇ ಎದುರಿಗೆ ಇಟ್ಟುಕೊಳ್ಳೋಣ. ನೋಡುವವರ ಕಣ್ಣು ಸಹಜವಾಗಿಯೇ ಆ ಉದ್ದನೆಯ ಬಾನೆಟ್ಟಿನ ಕಡೆಗೆ, ಅದರ ಕೆಳಗಿರುವ 3.8 ಲೀಟರಿನ ಆರು ಸಿಲಿಂಡರ್ ಎಂಜಿನ್ ಕಡೆಗೆ ಹೋಗುತ್ತದೆ. ಬಲ್ಲವರು ನೆಲದ ಮೇಲೆ ಮಲಗುತ್ತಾರೆ. ಏಕೆಂದರೆ ಈ ಕಾರಿಗೆ ಲಾರಿಗಿರುವಂಥ ಬೇರೆ ಚಾಸಿಸ್ ಇಲ್ಲ. ನಡುಭಾಗವೆಲ್ಲ ತಗಡು ಬೆಸೆದು ಮಾಡಿದ ಪೆಟ್ಟಿಗೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾದುಹೋಗುವ ಟೊಳ್ಳು ಪಟ್ಟಿಗಳು, ಅಂದರೆ ಸಿಲ್‌ಗಳು, ಆ ಪೆಟ್ಟಿಗೆಯ ಬೆನ್ನೆಲುಬು. ತುಕ್ಕು ಅಲ್ಲಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗಿನ ಬಣ್ಣ ನುಣ್ಣಗಿರುವಾಗಲೇ ಒಳಗಿನ ಉಕ್ಕು ಕೈಯಲ್ಲಿ ಪುಡಿಯಾಗುವಷ್ಟು ಸವೆದಿರಬಹುದು. ಒಂದು ಸಣ್ಣ ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ ಜಾರಿಸಿದರೆ ಸಾಕು, ಉಕ್ಕಿದ್ದಲ್ಲಿ ಕಚ್ಚಿ ಹಿಡಿಯುತ್ತದೆ, ಪುಟ್ಟಿ ಇದ್ದಲ್ಲಿ ಜಾರಿ ಬೀಳುತ್ತದೆ. ಬಾಗಿಲು ತೆರೆದು ಮುಚ್ಚುವಾಗ ಅದರ ಅಂಚಿನ ಸಂದು ಮೇಲೊಂದು ಅಗಲ ಕೆಳಗೊಂದು ಅಗಲ ಇದ್ದರೆ, ಇಡೀ ನಡುಭಾಗ ಕುಸಿದಿದೆಯೇ ಎಂದು ಅನುಮಾನಿಸಬೇಕು.

ಮುಂಭಾಗದ ವಿಚಾರ ಇನ್ನೂ ಸೂಕ್ಷ್ಮ. ಎಂಜಿನ್ನನ್ನೂ ಮುಂದಿನ ಸಸ್ಪೆನ್ಷನ್ನನ್ನೂ ಹೊತ್ತಿರುವುದು ಚೌಕನೆಯ ಉಕ್ಕಿನ ಕೊಳವೆಗಳ ಒಂದು ಚೌಕಟ್ಟು. ಅದನ್ನು ನಡುಭಾಗಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕೊಳವೆಗಳೂ ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ. ಬೋಲ್ಟ್ ಬಿಚ್ಚಿ ಹೊಸ ಚೌಕಟ್ಟು ಕೂರಿಸುವುದು ಯಾವ ವರ್ಕ್‌ಶಾಪಿಗೂ ಕಷ್ಟವಲ್ಲ. ಆದರೆ ಆ ಕಾರಿನ ಚಾಸಿಸ್ ನಂಬರ್ ಒತ್ತಿರುವುದು ಇದೇ ಚೌಕಟ್ಟಿನ ಮೇಲೆ! ತುಕ್ಕಿನ ಕಾರಣಕ್ಕೆ ಅದನ್ನು ಗುಜರಿಗೆ ಎಸೆದವರು ಕಾರಿನ ಗುರುತನ್ನೂ ಜೊತೆಗೇ ಎಸೆದಿರುತ್ತಾರೆ. ಆಮೇಲೆ ಹೊಸ ಕೊಳವೆಯ ಮೇಲೆ ಅದೇ ನಂಬರನ್ನು ಮತ್ತೆ ಒತ್ತಿದರೂ ಅದು ನಕಲು ಪ್ರತಿಯೇ. ಹಾಗಾಗಿ ಚೌಕಟ್ಟಿಗೆ ಕೈಹಾಕುವ ಮೊದಲು ಆ ಅಂಕಿಗಳ ಫೋಟೊ ತೆಗೆಯಬೇಕು. ಅವುಗಳ ಆಕಾರ ಮತ್ತು ಆಳ ನೋಡಬೇಕು. ನಮ್ಮ ಆರ್‌ಟಿಒ ಕಚೇರಿಯ ಕೆಲಸಕ್ಕೆ ಮಾಡುವಂತೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಬೇಕು. ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್, ಗೇರ್‌ಬಾಕ್ಸ್, ಬಾಡಿ ಪ್ಲೇಟ್ ಇವುಗಳ ಮೇಲಿನ ನಂಬರುಗಳನ್ನೂ ಬರೆದುಕೊಂಡು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ದಾಖಲೆ ನೋಡಿ ಕೊಡುವ ಪ್ರಮಾಣಪತ್ರದೊಂದಿಗೆ ತಾಳೆ ಹಾಕಬೇಕು. ಕಾರು ಯಾವ ಬಣ್ಣದಲ್ಲಿ ಹೊರಬಂತು, ಒಳಗಿನ ಚರ್ಮ ಯಾವ ಬಣ್ಣದ್ದು, ಯಾವ ದಿನ ಯಾವ ವಿತರಕರಿಗೆ ಹೋಯಿತು ಎಂಬುದೂ ಆ ಪತ್ರದಲ್ಲಿ ಇರುತ್ತದೆ.

ನಂಬರುಗಳಷ್ಟೇ ಅಲ್ಲ, ಕಾರಿನ ಕಾಲವನ್ನು ಹೇಳುವ ಸಣ್ಣ ಗುರುತುಗಳನ್ನೂ ನೋಡಬೇಕು. ಮೊದಮೊದಲ ಸುಮಾರು 500 ಇ-ಟೈಪ್‌ಗಳಲ್ಲಿ ಬಾನೆಟ್ ತೆರೆಯುವ ಚಿಲಕ ಹೊರಗಡೆ ಇತ್ತು, ಪ್ರತ್ಯೇಕ ಕೀಲಿ ಹಾಕಿ ತಿರುಗಿಸಬೇಕಿತ್ತು. ಆರಂಭದ ಕಾರುಗಳ ನೆಲ ಚಪ್ಪಟೆ. ಚಾಲಕರ ಕಾಲಿಗೆ ಜಾಗ ಸಾಲುತ್ತಿಲ್ಲವೆಂದು ಮುಂದಿನ ಕಾರುಗಳಲ್ಲಿ ಅಲ್ಲಿ ತಗ್ಗು ಮಾಡಿದರು. ಅಪಘಾತವಾದಾಗಲೋ ತುಕ್ಕು ಹಿಡಿದಾಗಲೋ ನಂತರದ ಕಾಲದ ಬಿಡಿಭಾಗ ತಂದು ಕೂರಿಸಿದ ಕಾರುಗಳಲ್ಲಿ ಈ ಗುರುತುಗಳು ಅಳಿಸಿಹೋದವು. ಕೊಟ್ಟಿಗೆಯಲ್ಲಿ ಸಿಕ್ಕ ಕಾರಿನಲ್ಲಿ ಅವು ಇನ್ನೂ ಇದ್ದರೆ, ಆ ಗುರುತುಗಳ ತೂಕ ಎಂಜಿನ್ ತಿರುಗುತ್ತದೆಯೋ ಇಲ್ಲವೋ ಎಂಬುದಕ್ಕಿಂತ ಹೆಚ್ಚು. ಜಾಮ್ ಆದ ಎಂಜಿನ್ನನ್ನು ಬಿಡಿಸಬಹುದು. ಅಳಿಸಿದ ಗುರುತನ್ನು ಮತ್ತೆ ಪಡೆಯಲಾಗದು.

ಇನ್ನು ಸ್ಟಾರ್ಟ್ ಮಾಡುವ ಪ್ರಶ್ನೆ. ಹೊಸ ಬ್ಯಾಟರಿ ತಂದು, ಕಾರ್ಬೊರೇಟರಿಗೆ ಎರಡು ಹನಿ ಪೆಟ್ರೋಲ್ ಬಿಟ್ಟು, ಕೀಲಿ ತಿರುಗಿಸಿ, ಎಂಜಿನ್ ಗುಡುಗಿದ ಕ್ಷಣ ಎಲ್ಲರೂ ಚಪ್ಪಾಳೆ ಹೊಡೆಯುವ ದೃಶ್ಯ ನಮಗೆ ಇಷ್ಟ. ಆ ಸದ್ದಿನ ಹಿಂದೆ ನಡೆಯುವುದನ್ನೂ ಸ್ವಲ್ಪ ಕೇಳಿ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಆಯಿಲ್ ಎಲ್ಲ ಇಳಿದು ತಳ ಸೇರಿರುತ್ತದೆ. ಮೇಲಿನ ಕ್ಯಾಮ್‌ಶಾಫ್ಟ್‌ಗಳೂ ಬೇರಿಂಗುಗಳೂ ಒಣಗಿರುತ್ತವೆ. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರಬಹುದು. ಹಳೆಯ ಪೆಟ್ರೋಲ್ ಗೋಂದಿನಂತಾಗಿ ಕಾರ್ಬೊರೇಟರಿನ ಕಿರುದಾರಿಗಳನ್ನು ಮುಚ್ಚಿರುತ್ತದೆ. ಒಂದು ವಾಲ್ವ್ ಅದರ ಗೈಡಿನಲ್ಲಿ ಸಿಕ್ಕಿಕೊಂಡಿದ್ದರೂ ಸಾಕು, ಬಲವಂತವಾಗಿ ತಿರುಗಿಸಿದಾಗ ಅದು ಬಾಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯುಮಿನಿಯಂ ಹೆಡ್ ಕೂತಿರುವ ಈ ಎಂಜಿನ್ನಿನಲ್ಲಿ ಹಳೆಯ ನೀರು ಹೆಡ್ಡಿನ ಒಳದಾರಿಗಳನ್ನು ಕೊರೆದಿರುವುದೂ ಉಂಟು. ಅರವತ್ತು ವರ್ಷ ಹಾಳಾಗದೆ ಉಳಿದ ಮೂಲ ಎಂಜಿನ್ ಅರ್ಧ ನಿಮಿಷದ ಸಂಭ್ರಮಕ್ಕೆ ಕೆಟ್ಟರೆ ಆ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಒಳ್ಳೆಯ ಮೆಕ್ಯಾನಿಕ್ ಹೀಗೆ ಮಾಡುವುದಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯುತ್ತಾರೆ. ಪ್ಲಗ್ಗಿನ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಗೋಡೆಗಳನ್ನು ನೋಡುತ್ತಾರೆ. ಆಮೇಲೆ ಸ್ಪ್ಯಾನರ್ ಹಾಕಿ ಕೈಯಿಂದಲೇ, ಬೆರಳಿಗೆ ತಡೆ ಸಿಕ್ಕಿದಲ್ಲಿ ನಿಲ್ಲಿಸುತ್ತ, ಮೆಲ್ಲಗೆ ತಿರುಗಿಸುತ್ತಾರೆ. ಈ ಕೆಲಸಕ್ಕೆ ಚಪ್ಪಾಳೆ ಬೀಳುವುದಿಲ್ಲ, ಆದರೆ ಪರೀಕ್ಷೆ ಎಂದರೆ ಇದೇ.

ಅವಸರಕ್ಕಿಂತ ಗಟ್ಟಿಯಾದ ಇನ್ನೊಂದು ನಂಬಿಕೆ ನಮ್ಮಲ್ಲಿದೆ: ಕಾರನ್ನು ಷೋರೂಮಿನಿಂದ ಬಂದ ದಿನದಂತೆ ಮಾಡಿದರೆ ಅದಕ್ಕೆ ಮರ್ಯಾದೆ ಕೊಟ್ಟಂತೆ ಎಂಬುದು. ಊರಿನ ಹಳೆಯ ಕಲ್ಲಿನ ದೇಗುಲದ ಜೀರ್ಣೋದ್ಧಾರವನ್ನು ನೆನೆಯಿರಿ. ಭಕ್ತರು ಮನಸಾರೆ ಹಣ ಕೂಡಿಸಿ ಕಂಬಗಳಿಗೆ ಮರಳು ಊದಿಸಿ, ಮೇಲೆ ಎನಾಮಲ್ ಬಣ್ಣ ಬಳಿಸಿ, ನೆಲಕ್ಕೆ ಟೈಲ್ಸ್ ಹಾಕಿಸುತ್ತಾರೆ. ಭಕ್ತಿಯಲ್ಲಿ ಕೊರತೆಯಿಲ್ಲ. ಶಿಲ್ಪಿಯ ಉಳಿಯ ಗುರುತು ಮಾತ್ರ ಹೋಗಿರುತ್ತದೆ. ಕಾರಿನಲ್ಲೂ ನಡೆಯುವುದು ಇದೇ. ಇ-ಟೈಪ್‌ನ ಮೂಲ ಬಣ್ಣದ ಪದರ ಎಷ್ಟು ತೆಳು, ತಗಡಿನ ಕೂಡುಗಳನ್ನು ಸೀಸ ತುಂಬಿ ಹೇಗೆ ಮುಚ್ಚಿದ್ದರು, ಚರ್ಮದ ಹೊಲಿಗೆ ಎಲ್ಲಿ ಸೊಟ್ಟಗಿತ್ತು, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಬಣ್ಣ ಎಷ್ಟು ಒರಟಾಗಿತ್ತು ಎಂಬುದೆಲ್ಲ ಆ ಕಾರ್ಖಾನೆಯ ಕೆಲಸಗಾರರು ಬಿಟ್ಟುಹೋದ ದಾಖಲೆ. ಅದನ್ನೆಲ್ಲ ಕೆರೆದು, ಕನ್ನಡಿಯಂತೆ ಹೊಳೆಯುವ ಹೊಸ ಬಣ್ಣ ಕೊಟ್ಟಾಗ ನಮಗೆ ಸಿಗುವುದು 1961ರಲ್ಲಿ ಎಂದೂ ಇಲ್ಲದಿದ್ದ ಒಂದು ಕಾರು. ವೇಗದ ಕಾರಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಇ-ಟೈಪ್‌ಗೆ ಕಂಪನಿ ಹೇಳಿಕೊಂಡ 265 ಅಶ್ವಶಕ್ತಿಯನ್ನು ಇಂದಿನ ಎಷ್ಟೋ ಕುಟುಂಬದ ಕಾರುಗಳು ಮೀರಿಸಿವೆ. ವೇಗದಲ್ಲಿ ಅದು ಯಾರಿಗೂ ಸವಾಲಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕೈಕೆಲಸ ಬಲ್ಲವರು ಆ ವೇಗವನ್ನು ಹೇಗೆ ಸಾಧಿಸಿದರು ಎಂಬುದಕ್ಕೆ ಅದು ಸಾಕ್ಷಿ, ಮತ್ತು ಆ ಸಾಕ್ಷಿ ಇರುವುದು ಮೂಲ ಲೋಹದಲ್ಲಿ, ಮೂಲ ಬಣ್ಣದಲ್ಲಿ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ‘ಕಾರು ಇರುವುದು ಓಡಲಿಕ್ಕೆ, ಓಡದ ವೇಗದ ಕಾರಿಗೆ ಅರ್ಥವೇನು?’ ಎಂಬುದು ಮೊದಲನೆಯದು. ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಓಡಿಸುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಜಗಳವಿದೆ ಎಂಬುದನ್ನು ಒಪ್ಪುವುದಿಲ್ಲ. ಶೆಲ್ಬಿ ಕೋಬ್ರಾ ಡೇಟೋನಾ ಕೂಪೆಗಳಲ್ಲಿ ಮೊಟ್ಟಮೊದಲನೆಯದು 1964ರಲ್ಲಿ ರೇಸಿಗಿಳಿದು, ಮುಂದೆ ಕ್ಯಾಲಿಫೋರ್ನಿಯಾದ ಬಾಡಿಗೆ ಗೋದಾಮೊಂದರಲ್ಲಿ ದಶಕಗಳ ಕಾಲ ಮರೆಯಾಗಿತ್ತು. 2001ರಲ್ಲಿ ಸಿಕ್ಕಿದ ಅದು ಫಿಲಡೆಲ್ಫಿಯಾದ ಸಿಮಿಯೋನ್ ಮ್ಯೂಸಿಯಂ ಸೇರಿತು. ನರಶಸ್ತ್ರಚಿಕಿತ್ಸಕರಾಗಿದ್ದ ಫ್ರೆಡ್ ಸಿಮಿಯೋನ್ ಅದಕ್ಕೆ ಹೊಸ ಬಣ್ಣ ಕೊಡಿಸದೆ ಹಳೆಯ ಮೈಯನ್ನು ಉಳಿಸಿಕೊಂಡರು. 2014ರಲ್ಲಿ ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಯಲ್ಲಿ ಮೊದಲನೆಯದಾಗಿ ಸೇರಿದ್ದು ಇದೇ ಕಾರು. ಅದು ಓಡುತ್ತದೆ ಕೂಡ. ಟೈರು, ಬ್ರೇಕಿನ ರಬ್ಬರು, ಪೆಟ್ರೋಲ್ ಪೈಪು, ಬೆಲ್ಟು, ಆಯಿಲ್ ಸೀಲ್ ಇವು ಸವೆಯಲೆಂದೇ ಮಾಡಿದ ಭಾಗಗಳು. ಇವನ್ನು ಬದಲಿಸಲೇಬೇಕು. ಗಟ್ಟಿಯಾದ ಹಳೆಯ ಟೈರನ್ನೋ ತೇವ ಹೀರಿದ ಬ್ರೇಕ್ ಆಯಿಲನ್ನೋ ‘ಒರಿಜಿನಲ್’ ಎಂದು ಉಳಿಸಿಕೊಂಡು ರಸ್ತೆಗಿಳಿಯುವುದು ಅಪರಾಧಕ್ಕೆ ಸಮ. ಸವೆಯುವ ಭಾಗ ಯಾವುದು, ಸಾಕ್ಷಿ ಹೇಳುವ ಭಾಗ ಯಾವುದು ಎಂದು ಬೇರ್ಪಡಿಸುವುದೇ ಪರೀಕ್ಷಕನ ವಿವೇಕ.

‘ತುಕ್ಕು ಇತಿಹಾಸವಲ್ಲ, ರೋಗ. ಬಿಟ್ಟರೆ ಎಲ್ಲವನ್ನೂ ತಿನ್ನುತ್ತದೆ’ ಎಂಬುದು ಎರಡನೆಯ ಆಕ್ಷೇಪ. ಇದೂ ನಿಜ. ಭಾರ ಹೊರುವ ಸಿಲ್ ಕೊಳೆತಿದ್ದರೆ ಅದನ್ನು ಕತ್ತರಿಸಿ ಹೊಸ ಉಕ್ಕು ಬೆಸೆಯದೆ ದಾರಿಯಿಲ್ಲ. ಆದರೆ ಕೊಳೆತಷ್ಟನ್ನೇ ಕತ್ತರಿಸುವುದು ಬೇರೆ, ಹೇಗೂ ಕೈಹಾಕಿದ್ದೇವೆ ಎಂದು ಇಡೀ ಮೈಯನ್ನೇ ಹೊಸದು ಮಾಡಿಸುವುದು ಬೇರೆ. ಅಲ್ಯುಮಿನಿಯಂ ಮೈಯ ಹಗುರ ಇ-ಟೈಪ್‌ಗಳು ಆ ಕಾಲದಲ್ಲಿ ತಯಾರಾದದ್ದು 12 ಮಾತ್ರ. ಅವುಗಳಲ್ಲೊಂದು 1964ರಲ್ಲಿ ಫ್ರಾನ್ಸಿನ ಮೊಂಲೆರಿ ಟ್ರ್ಯಾಕಿನಲ್ಲಿ ಭೀಕರ ಅಪಘಾತಕ್ಕೀಡಾಗಿ, ಓಡಿಸುತ್ತಿದ್ದ ಪೀಟರ್ ಲಿಂಡ್ನರ್ ತೀರಿಕೊಂಡರು. ದಶಕಗಳ ನಂತರ ಇಂಗ್ಲೆಂಡಿನ ಬ್ರಿಜ್‌ನಾರ್ತ್‌ನ ಕುಶಲಕರ್ಮಿಗಳು ನಜ್ಜುಗುಜ್ಜಾಗಿದ್ದ ಆ ಮೂಲ ತಗಡುಗಳನ್ನೇ ತಟ್ಟಿ ನೇರ ಮಾಡಿ, ಸಾವಿರಾರು ಗಂಟೆ ದುಡಿದು ಕಾರನ್ನು ಮತ್ತೆ ಕಟ್ಟಿದರು. ಹೊಸ ತಗಡಿನಲ್ಲಿ ಮಾಡುವುದು ಅದಕ್ಕಿಂತ ಎಷ್ಟೋ ಸುಲಭವಿತ್ತು. ಅಪಘಾತದಲ್ಲಿ ಮುದ್ದೆಯಾದ ಲೋಹವನ್ನೇ ಉಳಿಸಬಹುದಾದರೆ, ಕೊಟ್ಟಿಗೆಯಲ್ಲಿ ನಿಂತ ಕಾರಿನ ಮಡ್‌ಗಾರ್ಡ್ ಎಸೆಯಲು ನಾವು ಅಷ್ಟು ಆತುರಪಡಬೇಕಿಲ್ಲ.

ಮೂರನೆಯದು ಹಣದ ಮಾತು. ಹೊಳೆಯುವ ಕಾರಿಗೇ ಬೆಲೆ, ಬಹುಮಾನ ಎಂಬುದು ಹಿಂದೆ ಸತ್ಯವಾಗಿತ್ತು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸ್ಪರ್ಧೆ ಹೊಳಪಿಗೇ ಹೆಸರಾದದ್ದು. ಅಲ್ಲಿಯೂ ಮುಂದೆ ಮೂಲಸ್ಥಿತಿಯ ಕಾರುಗಳಿಗೇ ಒಂದು ವಿಭಾಗ ಇಟ್ಟರು. 2024ರಲ್ಲಿ ಅಲ್ಲಿನ ಅತ್ಯುನ್ನತ ಪ್ರಶಸ್ತಿ ಸವೆದ ಹಳೆಯ ಬಣ್ಣದಲ್ಲೇ ಬಂದ 1934ರ ಬುಗಾಟಿ ಟೈಪ್ 59 ರೇಸ್ ಕಾರಿಗೆ ಹೋಯಿತು. ಅಂಥ ಕಾರು ಅಲ್ಲಿ ಗೆದ್ದದ್ದು ಅದೇ ಮೊದಲು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಕೊಂಡ ಟ್ಯೂರಿನ್ ಸನ್ನದು ಕೂಡ ಉಳಿಸುವುದನ್ನು ಮೊದಲಿಗೆ, ಪೂರ್ತಿ ಹೊಸದಾಗಿಸುವುದನ್ನು ಕೊನೆಗೆ ಇಡುತ್ತದೆ.

ಹಾಗೆಂದು ಧೂಳನ್ನೇ ಪೂಜಿಸುವ ಇನ್ನೊಂದು ಅತಿಯನ್ನೂ ನಾನು ಒಪ್ಪುವುದಿಲ್ಲ. ಹರಾಜಿನಲ್ಲಿ ಚೆಂದ ಕಾಣಲೆಂದು ಧೂಳು, ಜೇಡರ ಬಲೆ, ಕೋಳಿ ಹಿಕ್ಕೆ ಸಮೇತ ಕಾರನ್ನು ತಂದು ನಿಲ್ಲಿಸುವುದು ಇತಿಹಾಸಪ್ರಜ್ಞೆಯಲ್ಲ. ತೇವ ಹಿಡಿದಿಟ್ಟುಕೊಳ್ಳುವ ಕೊಳೆ ಬಣ್ಣಕ್ಕೂ ಲೋಹಕ್ಕೂ ಶತ್ರು. ಮೊದಲು ಚಿತ್ರ ತೆಗೆದು, ಎಲ್ಲಿ ಏನಿತ್ತೆಂದು ಬರೆದುಕೊಂಡು, ಆಮೇಲೆ ಮೆತ್ತನೆಯ ಕೈಯಲ್ಲಿ ಅದನ್ನು ತೆಗೆಯಲೇಬೇಕು.

ನಮ್ಮ ದೇಶಕ್ಕೂ ಈ ಚರ್ಚೆ ದೂರದ್ದಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳಿಗೆ ‘ವಿಎ’ ಎಂಬ ಪ್ರತ್ಯೇಕ ಸರಣಿಯ ನಂಬರ್ ಸಿಗುತ್ತದೆ. ಒಂದು ಷರತ್ತಿದೆ: ವಾಹನ ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳ ಮುಂದೆ ನಿಂತು ಬೆರಗಾಗುವ ಜನ ನಾವು. ಅಜ್ಜನ ಮನೆಯ ಹಿತ್ತಲಲ್ಲಿ ಟಾರ್ಪಾಲಿನ ಕೆಳಗಿರುವ ಹಳೆಯ ಫಿಯೆಟ್ಟನ್ನೋ ಸ್ಟ್ಯಾಂಡರ್ಡ್ ಹೆರಾಲ್ಡನ್ನೋ ನೇರ ಟಿಂಕರಿಂಗ್ ಅಂಗಡಿಗೆ ಎಳೆದೊಯ್ಯುವ ಮೊದಲು, ಕಾನೂನು ಕೂಡ ಮೂಲವನ್ನೇ ಕೇಳುತ್ತದೆ ಎಂಬುದು ತಿಳಿದಿರಲಿ.

ಹಣ ಕೈಯಲ್ಲಿದ್ದರೆ ಯಾವ ಕಾರನ್ನಾದರೂ ಓಡುವಂತೆ ಮಾಡಬಹುದು, ಯಾವಾಗ ಬೇಕಾದರೂ ಮಾಡಬಹುದು. ಅಳಿದ ಮೂಲವನ್ನು ಎಷ್ಟು ಹಣ ಕೊಟ್ಟರೂ ತರಲಾಗದು. ಎರಡರಲ್ಲಿ ಯಾವುದಕ್ಕೆ ಅವಸರ ಸಲ್ಲದು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ. ಆದ್ದರಿಂದ ಹಳೆಯ ಕಾರು ಸಿಕ್ಕವರಲ್ಲಿ ನನ್ನ ವಿನಂತಿ ಇದು: ಅದನ್ನು ಮೊದಲು ಒಣ ಜಾಗಕ್ಕೆ ಸೇರಿಸಿ. ಆರ್‌ಸಿ ಪುಸ್ತಕ, ಹಳೆಯ ಬಿಲ್ಲು, ಡ್ಯಾಷ್‌ಬೋರ್ಡಿನ ಖಾನೆಯಲ್ಲಿರುವ ಚೀಟಿ ಯಾವುದನ್ನೂ ಎಸೆಯಬೇಡಿ. ವರ್ಕ್‌ಶಾಪಿನವರಿಂದ ಎಸ್ಟಿಮೇಟ್ ಬರೆಸುವಾಗ ‘ಬದಲಿಸಬೇಕಾದ್ದು’ ಎಂಬ ಪಟ್ಟಿಯ ಮೇಲೆ ‘ಮುಟ್ಟಬಾರದ್ದು’ ಎಂಬ ಪಟ್ಟಿಯನ್ನು ಬರೆಸಿ. ಬೆಂಗಳೂರು, ಮೈಸೂರುಗಳ ವಿಂಟೇಜ್ ರ‍್ಯಾಲಿಗಳಲ್ಲಿ ತೀರ್ಪು ಕೊಡುವ ಹಿರಿಯರಲ್ಲೂ ಒಂದು ಕೋರಿಕೆ: ಮಿರುಗುವ ಕಾರುಗಳ ಪಕ್ಕದಲ್ಲಿ ಮಾಸಿದ ಬಣ್ಣದ, ಕಾರ್ಖಾನೆಯ ಬೆಸುಗೆ ಬಿಚ್ಚದ ಕಾರೊಂದು ನಿಂತಿದ್ದರೆ ಅದರ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲಿ, ಬಹುಮಾನಕ್ಕೆ ಅದನ್ನೂ ಪರಿಗಣಿಸಿ. ಮೂಲವನ್ನು ಉಳಿಸಿಕೊಂಡವರಿಗೆ ಮನ್ನಣೆ ಸಿಕ್ಕರೆ, ಮುಂದೆ ಕಾರು ಸಿಕ್ಕವರೂ ಬಣ್ಣದ ಡಬ್ಬಿ ತೆರೆಯುವ ಮೊದಲು ಯೋಚಿಸುತ್ತಾರೆ.